ಅಧ್ಯಯನ ಟಿಪ್ಪಣಿ: ಮಾರ್ಗರೆಟ್ ಬರ್ಕ್-ವೈಟ್ ಅವರ ಬೆಳಕು ಮತ್ತು ಅಳತೆ

ಹಾಸನದಲ್ಲಿ ಛಾಯಾಗ್ರಹಣ ಕಲಿಯುತ್ತಿರುವ ನಮ್ಮಂಥವರಿಗೆ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗವೇ ಮೊದಲ ಪರೀಕ್ಷೆ. ಹೊರಗಿನ ಬಿಸಿಲಿಗೆ ಹೊಂದಿಸಿದ ಕ್ಯಾಮೆರಾಕ್ಕೆ ಒಳಗಿನ ಕಂಬಗಳು ಬರೀ ಕತ್ತಲೆಯಾಗಿ ಕಾಣುತ್ತವೆ. ‘ಲೈಫ್’ ವಾರಪತ್ರಿಕೆಯ ಛಾಯಾಪತ್ರಕರ್ತೆ ಮಾರ್ಗರೆಟ್ ಬರ್ಕ್-ವೈಟ್ (1904–1971) ಅವರೂ ವೃತ್ತಿಯ ಆರಂಭದಲ್ಲಿ ಬೆಳಕಿನ ತೊಡಕನ್ನೇ ಎದುರಿಸಿದರು.

ನ್ಯೂಯಾರ್ಕಿನಲ್ಲಿ ಹುಟ್ಟಿ, 1927ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪದವಿ ಪಡೆದು, ಕ್ಲೀವ್‌ಲ್ಯಾಂಡಿನಲ್ಲಿ ನೆಲೆಸಿದ ಅವರು ಅಲ್ಲಿನ ಓಟಿಸ್ ಉಕ್ಕಿನ ಕಾರ್ಖಾನೆಯ ಚಿತ್ರ ತೆಗೆಯಲು ಹೊರಟರು. ಕರಗಿದ ಉಕ್ಕು ಕಣ್ಣಿಗೆ ಧಗಧಗಿಸಿದರೂ, ಆಗಿನ ಕಪ್ಪು-ಬಿಳುಪು ಫಿಲ್ಮು ಕೆಂಪು ಬೆಳಕನ್ನು ಹಿಡಿಯುತ್ತಿರಲಿಲ್ಲವಾದ್ದರಿಂದ ನೆಗೆಟಿವ್‌ನಲ್ಲಿ ಚಿತ್ರ ಸರಿಯಾಗಿ ಮೂಡುತ್ತಿರಲಿಲ್ಲ. ಕೊನೆಗೆ ಅಚ್ಚ ಬಿಳಿ ಬೆಳಕು ಚೆಲ್ಲುವ ಮೆಗ್ನೀಸಿಯಂ ದೀವಟಿಗೆಗಳನ್ನು ಉರಿಸಿ ಅವರು ಗೆದ್ದರು. ಆ ಚಿತ್ರಗಳ ಬಲದಿಂದಲೇ 1929ರಲ್ಲಿ ‘ಫಾರ್ಚೂನ್’ ಪತ್ರಿಕೆಯ ಕರೆ ಬಂತು.

1936ರ ನವೆಂಬರ್ 23ರ ‘ಲೈಫ್’ ಮುಖಪುಟದಲ್ಲಿ ಮೊಂಟಾನಾದ ಫೋರ್ಟ್ ಪೆಕ್ ಅಣೆಕಟ್ಟಿನ ಕೋಡಿಯನ್ನು ಅವರು ಕೋಟೆಯಂತೆ ತೋರಿಸಿದರು. ಚಿತ್ರದ ತಳದಲ್ಲಿ ನಿಂತಿರುವ ಇಬ್ಬರು ಪುಟ್ಟ ಮನುಷ್ಯರನ್ನು ಬೆರಳಿನಿಂದ ಮುಚ್ಚಿ ನೋಡಿ. ಆ ಕಾಂಕ್ರೀಟಿನ ಗಾತ್ರವೇ ತಿಳಿಯದಂತಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಅರ್ಚಕರೊಬ್ಬರು ನಿಂತಾಗಲೇ ನಮಗೆ ಆ ಮೂರ್ತಿಯ ಎತ್ತರ ಮನದಟ್ಟಾಗುವುದಲ್ಲವೇ? ಅದೇ ಅಳತೆಯ ಅರಿವು ಇಲ್ಲಿ ಕೆಲಸ ಮಾಡಿದೆ.

1937ರಲ್ಲಿ ಅಮೆರಿಕದ ಲೂಯಿವಿಲ್ ನಗರದ ನೆರೆಹಾವಳಿಯ ಸಂತ್ರಸ್ತರು, 1945ರಲ್ಲಿ ನಾಜಿಗಳ ಬುಖೆನ್‌ವಾಲ್ಡ್ ಬಂದೀಶಿಬಿರದಲ್ಲಿ ಬದುಕುಳಿದವರು, ಆಮೇಲೆ ಭಾರತ ವಿಭಜನೆಯ ನಿರಾಶ್ರಿತರು ಅವರ ಚಿತ್ರಗಳಿಗೆ ವಸ್ತುವಾದರು. ಯಂತ್ರಗಳಿಗಾಗಿ ಕಲಿತ ವಿದ್ಯೆ ಮನುಷ್ಯರಿಗೂ ಒದಗಿತೆಂಬುದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ನಿದರ್ಶನ 1946ರ ಗಾಂಧೀಜಿ ಚಿತ್ರ. ನೂಲುವುದನ್ನು ಕಲಿತ ಮೇಲಷ್ಟೇ ಚಿತ್ರ ತೆಗೆಯಬಹುದೆಂದು ಗಾಂಧೀಜಿಯ ಕಾರ್ಯದರ್ಶಿ ಷರತ್ತು ಹಾಕಿದರು. ಅದರಂತೆ ಬರ್ಕ್-ವೈಟ್ ಚರಕದ ಮುಂದೆ ಕುಳಿತು ಕಲಿತರು. ಅಂದು ಗಾಂಧೀಜಿಯ ಮೌನದ ದಿನ, ದೊರೆತ ಅನುಮತಿ ಮೂರೇ ಫ್ಲ್ಯಾಶ್ ಬಲ್ಬುಗಳಿಗೆ. ಮೊದಲ ಎರಡು ಪ್ರಯತ್ನಗಳು ಕೈಕೊಟ್ಟವು, ಮೂರನೆಯದು ಫಲಿಸಿತು.

ಈ ಚಿತ್ರದಲ್ಲಿ ಮುಂಭಾಗವನ್ನು ಆವರಿಸಿರುವುದು ಚರಕ. ಅದರ ಹಿಂದೆ, ಕಿಟಕಿಯ ಬೆಳಕಿನಲ್ಲಿ, ಓದುತ್ತ ಕುಳಿತಿರುವ ಗಾಂಧೀಜಿ. ಫೋರ್ಟ್ ಪೆಕ್‌ನಲ್ಲಿ ಕಟ್ಟಡ ಎಷ್ಟು ದೊಡ್ಡದೆಂದು ತಿಳಿಸಲು ಮನುಷ್ಯರು ಬೇಕಾಗಿದ್ದರು. ಇಲ್ಲಿ ಮನುಷ್ಯ ಎಂಥವನೆಂದು ತಿಳಿಸುವ ಕೆಲಸವನ್ನು ಒಂದು ಮರದ ಯಂತ್ರಕ್ಕೆ ವಹಿಸಲಾಗಿದೆ.