ಗುಲಾಮರನ್ನು ಬಿಟ್ಟದ್ದಕ್ಕೆ ಒಡೆಯರಿಗೆ ಪರಿಹಾರ!

ಪ್ರಶ್ನೆ: ಗುಲಾಮಗಿರಿ ನಿಲ್ಲಿಸಿದಾಗ ಬ್ರಿಟನ್ ಪರಿಹಾರ ಕೊಟ್ಟದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ, ಆ ಸಾಲ ತೀರಿದ್ದು 2015ರಲ್ಲಿ ಅಂತ ಓದಿದೆ. ನಿಜಾನಾ? ಹಾಗಿದ್ದರೆ ಇಷ್ಟು ದಿನ ಇದು ಯಾರಿಗೂ ಗೊತ್ತಾಗಲಿಲ್ಲ ಯಾಕೆ?

ಉತ್ತರ: ಎರಡೂ ನಿಜ. 1833ರ ಕಾಯ್ದೆ ಒಡೆಯರಿಗೆಂದು 2 ಕೋಟಿ ಪೌಂಡ್ ಎತ್ತಿಟ್ಟಿತು. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಇದು ಶೇ. 40ರಷ್ಟು. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ, ಸಾಲ ಮಾಡಿದರು. ಆ ಸಾಲ ಬೇರೆ ಬೇರೆ ಬಾಂಡ್‌ಗಳೊಳಗೆ ಸೇರಿಕೊಂಡು ಉಳಿಯಿತು. ಕೊನೆಯ ಕಂತು ತೀರಿದ್ದು 2015ರಲ್ಲಿ.

ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗೆ ಬಿಡಿಗಾಸೂ ಸಿಗಲಿಲ್ಲ. ಅಷ್ಟೇ ಅಲ್ಲ, 'ಕೆಲಸ ಕಲಿಯುವವರು' ಅನ್ನೋ ಹೆಸರಲ್ಲಿ ಅವರಲ್ಲಿ ಹೆಚ್ಚಿನವರು 1838ರವರೆಗೂ ಅದೇ ಒಡೆಯರ ತೋಟದಲ್ಲಿ ಸಂಬಳವಿಲ್ಲದೆ ದುಡಿದರು. ಹುಟ್ಟಿದಾಗಿನಿಂದ ಕಬ್ಬು ಕಡಿದವರಿಗೆ ಇನ್ನೇನು ಕಲಿಯೋದಿತ್ತೋ!

ಮುಂದೆ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ ಅವರ ತಂದೆ ಜಾನ್ ಗ್ಲ್ಯಾಡ್‌ಸ್ಟನ್ 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕ ತೋರಿಸಿ 1 ಲಕ್ಷ ಪೌಂಡ್‌ಗೂ ಜಾಸ್ತಿ ಪಡೆದ. ತೋಟಕ್ಕೆ ಮತ್ತೆ ಆಳು ಬೇಕಲ್ಲ? ಕಲ್ಕತ್ತೆಯ ಏಜೆಂಟರಿಗೆ ಕಾಗದ ಬರೆದ. 1838ರಲ್ಲಿ ಎರಡು ಹಡಗುಗಳಲ್ಲಿ ಭಾರತದ ಕೂಲಿಗಳು ಅವನ ತೋಟಗಳಿದ್ದ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ ಇಳಿದರು.

ಇನ್ನು, ಮರೆತದ್ದು ಹೇಗೆ? ಗುಲಾಮರು ದುಡಿದದ್ದು ದೂರದ ಕೆರಿಬಿಯನ್ ದ್ವೀಪಗಳಾದ ಜಮೈಕಾ, ಬಾರ್ಬಡೋಸ್‌ಗಳಲ್ಲಿ. ಬ್ರಿಟನ್ನಿನವರ ಕಣ್ಣಿಗೆ ಬಿದ್ದದ್ದು ಸಕ್ಕರೆ, ಬಂಗಲೆ. ಜೊತೆಗೆ, ಕತೆಯನ್ನು ಯಾವಾಗಲೂ ಕೊನೆಯಿಂದಲೇ ಹೇಳಿದರು: 'ನಾವು ನಿಲ್ಲಿಸಿದೆವು' ಅಂತ. ಶುರು ಮಾಡಿದ್ದು, ನಡೆಸಿದ್ದು ಯಾರು ಅನ್ನೋ ಮಾತು ಬರುತ್ತಿರಲಿಲ್ಲ. 2018ರಲ್ಲೂ ಅಲ್ಲಿನ ಹಣಕಾಸು ಇಲಾಖೆ, ನಿಮ್ಮ ತೆರಿಗೆಯಿಂದಲೇ ಗುಲಾಮರ ವ್ಯಾಪಾರ ನಿಂತಿತು ಅಂತ ಟ್ವಿಟರ್‌ನಲ್ಲಿ ಹೆಮ್ಮೆಯಿಂದ ಹಾಕಿತು. ಆ ತೆರಿಗೆ ಕಟ್ಟಿದವರಲ್ಲಿ ಗುಲಾಮರ ಮೊಮ್ಮಕ್ಕಳ ಮೊಮ್ಮಕ್ಕಳೂ ಇದ್ದರು! ಜನ ತರಾಟೆಗೆ ತೆಗೆದುಕೊಂಡ ಮೇಲೆ ಅಳಿಸಿತು.

ಬ್ರಿಸ್ಟಲ್ ನಗರದ ಎಡ್ವರ್ಡ್ ಕೋಲ್ಸ್ಟನ್ ವಿಗ್ರಹ ನೋಡಿ. ಆಫ್ರಿಕಾದಿಂದ ಗುಲಾಮರನ್ನು ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದವನು. 1721ರಲ್ಲಿ ಸತ್ತ, ವಿಗ್ರಹ ನಿಂತಿದ್ದು 1895ರಲ್ಲಿ. ಫಲಕದಲ್ಲಿ 'ಸದ್ಗುಣಿ, ವಿವೇಕಿ' ಅಂತಿತ್ತು, ಗುಲಾಮರ ಸುದ್ದಿಯೇ ಇಲ್ಲ. ಇನ್ನೊಂದು ಫಲಕ ಹಾಕೋಣ ಅಂತ 2018ರಲ್ಲಿ ಹೊರಟರು. ಅದರಲ್ಲಿ ಏನು ಬರೆಯಬೇಕು ಅನ್ನೋ ಜಗಳದಲ್ಲೇ ಅದು ನಿಂತುಹೋಯಿತು. 2020ರ ಜೂನ್ 7ರಂದು ಜನ ವಿಗ್ರಹವನ್ನೇ ಕೆಡವಿ ಬಂದರಿನ ನೀರಿಗೆ ದಬ್ಬಿದರು. ಚರಿತ್ರೆ ಅಳಿಸಿದರು ಅಂತ ಕೆಲವರು ಕೂಗಾಡಿದರು. ನನಗಂತೂ ಹಾಗನ್ನಿಸುವುದಿಲ್ಲ. ಚರಿತ್ರೆಯನ್ನು ಹೆಚ್ಚು ಅಳಿಸಿದ್ದು ಆ ಹಳೆಯ ಫಲಕವೇ.

ಅಂದಹಾಗೆ, 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ನೆಲಕ್ಕೆ ಅನ್ವಯಿಸಲಿಲ್ಲ. ನಮ್ಮ ಕರಾವಳಿಯೂ ಆಗ ಕಂಪನಿಯದೇ. 1801ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆ ಮಾಡುತ್ತಾ ಅಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ಗದ್ದೆಗಳಲ್ಲಿ ಕೂಲಿಯಾಳುಗಳ ಜೊತೆ ಮೂಲದಾಳುಗಳೂ ದುಡಿಯುತ್ತಿದ್ದರು, ಇವರು ಗುಲಾಮರು ಅಂತ ಬರೆದಿಟ್ಟಿದ್ದಾನೆ. ಅವರ ಪಾಲಿಗೆ ಕಾನೂನು ಬಂದದ್ದು 1843ರಲ್ಲಿ. ಅದೂ ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಅನ್ನಲಿಲ್ಲ. ಒಡೆಯನ ಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಅಂದಿತು, ಅಷ್ಟೇ.