ಸೆಷನ್‌ನಿಂದ ಮರಳಿ ಬಂದದ್ದು ಅದೇ ಆಬ್ಜೆಕ್ಟೇ?

ಕೆಲವು ವರ್ಷಗಳ ಹಿಂದೆ ನಮ್ಮ ತಂಡವು ಪುಸ್ತಕ ಮಾರುವ ಹಳೆಯ ಜಾಲತಾಣವೊಂದನ್ನು ಜಾಲತಾಣ ಕಟ್ಟಲು ಬಳಸುವ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಫ್ರೇಮ್‌ವರ್ಕ್‌ನಿಂದ ಅದರ ಹೊಸ ರೂಪವಾದ ಎಎಸ್‌ಪಿ ಡಾಟ್ ನೆಟ್ ಕೋರ್‌ಗೆ ಸಾಗಿಸುತ್ತಿದ್ದಾಗ ವಿಚಿತ್ರವಾದ ದೋಷವೊಂದು ಎದುರಾಯಿತು. ಗ್ರಾಹಕರು ಮೊದಲ ಪುಸ್ತಕವನ್ನು ಕಾರ್ಟ್‌ಗೆ ಹಾಕಿದರೆ ಅದು ಸರಿಯಾಗಿ ಉಳಿಯುತ್ತಿತ್ತು. ಎರಡನೆಯದನ್ನು ಹಾಕಿದಾಗ ಆ ಪುಟದಲ್ಲಿ ಎರಡೂ ಕಾಣುತ್ತಿದ್ದವು, ಆದರೆ ಮುಂದಿನ ಪುಟಕ್ಕೆ ಹೋದೊಡನೆ ಕಾರ್ಟ್‌ನಲ್ಲಿ ಮತ್ತೆ ಒಂದೇ ಪುಸ್ತಕ. ಕೋಡ್‌ನ ತರ್ಕ ಹಿಂದಿನದೇ ಆಗಿತ್ತು: ಸೆಷನ್‌ನಲ್ಲಿ (ಒಬ್ಬ ಬಳಕೆದಾರರಿಗಾಗಿ ಪುಟದಿಂದ ಪುಟಕ್ಕೆ ಸರ್ವರ್ ಇಟ್ಟುಕೊಳ್ಳುವ ಮಾಹಿತಿಯಲ್ಲಿ) ಕಾರ್ಟ್ ಇಲ್ಲದಿದ್ದರೆ ಹೊಸದನ್ನು ಸೃಷ್ಟಿಸಿ, ಪುಸ್ತಕ ಸೇರಿಸಿ, ಸೆಷನ್‌ಗೆ ಹಾಕುವುದು, ಇದ್ದರೆ ಅದನ್ನು ಹೊರತೆಗೆದು ಪುಸ್ತಕ ಸೇರಿಸುವುದು. ಅನೇಕ ವರ್ಷ ಯಾವ ತಕರಾರೂ ಇಲ್ಲದೆ ನಡೆದಿದ್ದ ಈ ಕೋಡ್ ಹೊಸ ವ್ಯವಸ್ಥೆಯಲ್ಲಿ ಏಕೆ ಸೋತಿತು ಎಂಬುದನ್ನು ತಿಳಿಯಲು ಸೆಷನ್ ನಿಜವಾಗಿ ಏನನ್ನು ಇಟ್ಟುಕೊಳ್ಳುತ್ತದೆ ಎಂದು ಕೇಳಿಕೊಳ್ಳಬೇಕು.

ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಗೆ ನೆನಪಿಲ್ಲ, ಒಂದು ವಿನಂತಿಗೆ ಉತ್ತರ ಕೊಟ್ಟ ಮೇಲೆ ಆ ಬಳಕೆದಾರ ಯಾರೆಂಬುದು ಸರ್ವರ್‌ಗೆ ಗೊತ್ತಿರುವುದಿಲ್ಲ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ಪಡೆಯುವಂತೆ, ಬ್ರೌಸರ್ ಒಂದು ಗುರುತಿನ ಸಂಖ್ಯೆಯನ್ನು ಕುಕೀಯಲ್ಲಿ ಇಟ್ಟುಕೊಂಡು ಪ್ರತಿ ಬಾರಿಯೂ ತೋರಿಸುತ್ತದೆ. ಸಾಮಾನು ಮಾತ್ರ ಸರ್ವರ್‌ನ ಬಳಿಯೇ ಇರುತ್ತದೆ. ಎಎಸ್‌ಪಿ ಡಾಟ್ ನೆಟ್‌ನಲ್ಲಿ ಬೇರೆ ಸೂಚನೆ ಕೊಡದಿದ್ದರೆ 20 ನಿಮಿಷ ಯಾವ ವಿನಂತಿಯೂ ಬಾರದ ಸೆಷನ್ ಅಳಿದುಹೋಗುತ್ತದೆ. ಆದ್ದರಿಂದ ಸೆಷನ್‌ನಿಂದ ತೆಗೆದ ಯಾವುದೇ ಆಬ್ಜೆಕ್ಟ್ (ಕಾರ್ಟ್‌ನಂಥ ಮಾಹಿತಿಯ ಘಟಕ) ನಲ್, ಅಂದರೆ ಖಾಲಿ, ಆಗಿರಬಹುದು ಎಂದು ಭಾವಿಸಿಯೇ ಕೋಡ್ ಬರೆಯಬೇಕು. ಊಟಕ್ಕೆ ಎದ್ದುಹೋದ ಗ್ರಾಹಕರು ಮರಳಿ ಬಂದು ಬಟನ್ ಒತ್ತಿದಾಗ ದೋಷದ ಪುಟ ತೋರಿಸುವುದು ನಮ್ಮ ತಪ್ಪೇ ಹೊರತು ಅವರದಲ್ಲ.

ಹಳೆಯ ಫ್ರೇಮ್‌ವರ್ಕ್‌ನ ಸಹಜ ಸ್ಥಿತಿಯಾದ ಇನ್‌ಪ್ರಾಕ್‌ನಲ್ಲಿ ಸೆಷನ್ ಇರುವುದು ಅಪ್ಲಿಕೇಶನ್‌ನ ಮೆಮೊರಿಯಲ್ಲೇ. ಅಲ್ಲಿ ಆಬ್ಜೆಕ್ಟ್‌ನ ನಕಲು ಆಗುವುದಿಲ್ಲ, ಅದು ಎಲ್ಲಿದೆ ಎಂದು ತೋರಿಸುವ ರೆಫರೆನ್ಸ್ ಮಾತ್ರ ಸೇರುತ್ತದೆ. ಹೊರತೆಗೆದದ್ದನ್ನು ಬದಲಿಸಿದರೆ ಒಳಗಿರುವುದೂ ಬದಲಾಗುತ್ತದೆ, ಏಕೆಂದರೆ ಎರಡೂ ಒಂದೇ. ಈ ಅನುಕೂಲ ಎಷ್ಟು ಅಪಾಯಕಾರಿ ಎಂಬುದನ್ನು ಅದೇ ಜಾಲತಾಣದಲ್ಲಿ ಕಂಡಿದ್ದೆ. ಪುಸ್ತಕದ ಆಬ್ಜೆಕ್ಟ್‌ಗಳು ಎಲ್ಲರಿಗೂ ಸಾಮಾನ್ಯವಾದ ಕ್ಯಾಶ್‌ನಲ್ಲಿದ್ದವು (ಬೇಗ ಸಿಗಲೆಂದು ಮೆಮೊರಿಯಲ್ಲಿ ಇಟ್ಟ ಸಂಗ್ರಹದಲ್ಲಿ), ಕಾರ್ಟ್ ಅವನ್ನೇ ನೇರವಾಗಿ ಹಿಡಿದುಕೊಂಡಿತ್ತು. ಒಬ್ಬ ಗ್ರಾಹಕರ ಕೂಪನ್‌ಗಾಗಿ 400 ರೂಪಾಯಿಯ ಬೆಲೆಯನ್ನು 360 ಎಂದು ತಿದ್ದಿದೊಡನೆ ಕ್ಯಾಶ್‌ನ ಬೆಲೆಯೂ 360 ಆಗಿ, ಕೂಪನ್ ಇಲ್ಲದವರಿಗೂ ಅದೇ ಬೆಲೆ ಕಾಣಿಸಿತು.

ಸರ್ವರ್‌ಗಳು ಎರಡಾದರೆ, ಅಥವಾ ಅಪ್ಲಿಕೇಶನ್ ಮರುಪ್ರಾರಂಭವಾದರೂ ಸೆಷನ್ ಉಳಿಯಬೇಕೆಂದರೆ, ಅದನ್ನು ಸೆಷನ್‌ಗೆಂದೇ ಇರುವ ಪ್ರತ್ಯೇಕ ಸೇವೆಯಾದ ಸ್ಟೇಟ್ ಸರ್ವರ್‌ಗೋ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್‌ಗೋ ಕಳುಹಿಸಬೇಕು. ಆಗ ಆಬ್ಜೆಕ್ಟ್ ಸೀರಿಯಲೈಸ್ ಆಗಿ ಬೈಟ್‌ಗಳಾಗಿ ಹೋಗುತ್ತದೆ, ಮುಂದಿನ ವಿನಂತಿಯಲ್ಲಿ ಹೊಸ ಆಬ್ಜೆಕ್ಟ್ ಆಗಿ ಕಟ್ಟಲ್ಪಡುತ್ತದೆ. ಆದರೂ ಹಳೆಯ ಫ್ರೇಮ್‌ವರ್ಕ್ ಒಂದು ಉಪಕಾರ ಮಾಡುತ್ತಿತ್ತು: ಬದಲಾಗಬಲ್ಲ ಆಬ್ಜೆಕ್ಟ್ ಒಂದನ್ನು ಓದಿದರೂ ಸಾಕು, ಅದು ತಿದ್ದುಪಡಿಯಾಗಿರಬಹುದೆಂದು ಗುರುತು ಹಾಕಿಕೊಂಡು, ವಿನಂತಿಯ ಕೊನೆಗೆ ಇಡೀ ಸೆಷನ್ನನ್ನು ತಾನೇ ಮರಳಿ ಉಳಿಸುತ್ತಿತ್ತು. ಸೆಷನ್ನನ್ನು ಕೇವಲ ಓದಲು ತೆರೆದ ಪುಟಗಳಲ್ಲಿ ಮಾತ್ರ ಹೀಗೆ ಉಳಿಯುತ್ತಿರಲಿಲ್ಲ. ಇನ್‌ಪ್ರಾಕ್‌ನಲ್ಲಾದರೆ ಅಂಥ ಪುಟದಲ್ಲಿ ಮಾಡಿದ ತಿದ್ದುಪಡಿಯೂ ಉಳಿದುಬಿಡುತ್ತದೆ. ಡೆವಲಪರ್‌ನ ಯಂತ್ರದಲ್ಲಿ ನಡೆಯುವುದು ನಿಜವಾದ ಸರ್ವರ್‌ನಲ್ಲಿ ನಡೆಯದಿರಲು ಇದೂ ಒಂದು ಕಾರಣ.

ಕೋರ್‌ನಲ್ಲಿ ಈ ಉಪಕಾರವಿಲ್ಲ. ಅಲ್ಲಿನ ಸೆಷನ್ ಒಪ್ಪಿಕೊಳ್ಳುವುದು ಬೈಟ್‌ಗಳನ್ನು ಮಾತ್ರ. ಪಠ್ಯ ಮತ್ತು ಪೂರ್ಣಾಂಕಗಳಿಗೆ ಸಿದ್ಧ ವಿಧಾನಗಳಿವೆ, ಆಬ್ಜೆಕ್ಟ್ ಇಡಬೇಕಾದರೆ ನಾವೇ ಅದನ್ನು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಮಾಡಿ ಪಠ್ಯವಾಗಿ ಇಡಬೇಕು. ತೆಗೆದಾಗಲೆಲ್ಲ ಬರುವುದು ಹೊಸ ನಕಲು. ನಮ್ಮ ಎರಡನೆಯ ಪುಸ್ತಕ ಸೇರಿದ್ದು ಅಂಥ ನಕಲಿಗೆ; ಆ ಪುಟ ತೋರಿಸಿದ್ದು ನಕಲನ್ನು; ಮರಳಿ ಇಡುವ ಒಂದು ಸಾಲು ಇಲ್ಲದ್ದರಿಂದ ಅದು ವಿನಂತಿಯೊಂದಿಗೇ ಮಾಯವಾಯಿತು. ಆ ಸಾಲನ್ನು ಸೇರಿಸಿದ ಮೇಲೂ ಕಾರ್ಟ್‌ನಲ್ಲಿ ಪುಸ್ತಕದ ಪ್ರತಿಗಳ ಸಂಖ್ಯೆ ಶೂನ್ಯವೆಂದೇ ಬರುತ್ತಿತ್ತು. ಅದನ್ನು ಪ್ರಾಪರ್ಟಿಯಾಗಿ (ಓದುವ, ಬರೆಯುವ ವಿಧಾನಗಳ ಮೂಲಕ ಸಿಗುವ ಮೌಲ್ಯವಾಗಿ) ಬರೆಯದೆ ಸಾದಾ ಫೀಲ್ಡ್ ಆಗಿ (ನೇರ ವೇರಿಯಬಲ್ ಆಗಿ) ಬರೆದಿದ್ದರು, ಸಿಸ್ಟಮ್ ಡಾಟ್ ಟೆಕ್ಸ್ಟ್ ಡಾಟ್ ಜೇಸನ್ ಲೈಬ್ರರಿಯು ನಾವು ಹೇಳದ ಹೊರತು ಫೀಲ್ಡ್‌ಗಳನ್ನು ಬರೆಯುವುದೇ ಇಲ್ಲ. ದೋಷದ ಸಂದೇಶವೂ ಬರುವುದಿಲ್ಲವಾದ್ದರಿಂದ ಇಂಥದ್ದನ್ನು ಹಿಡಿಯಲು ಸೆಷನ್‌ಗೆ ಹೋಗುತ್ತಿರುವ ಪಠ್ಯವನ್ನು ಲಾಗ್‌ನಲ್ಲಿ ಬರೆಸಿ ಕಣ್ಣಾರೆ ಓದುವುದೇ ಒಳ್ಳೆಯದು.

ಇನ್ನೊಂದು ವ್ಯತ್ಯಾಸ ಹೆಚ್ಚು ಗಂಭೀರವಾದದ್ದು. ಹಳೆಯ ಫ್ರೇಮ್‌ವರ್ಕ್ ಒಂದೇ ಸೆಷನ್‌ಗೆ ಬರೆಯಬಲ್ಲ ವಿನಂತಿಗಳನ್ನು ಬೀಗ ಹಾಕಿ ಒಂದರ ಹಿಂದೆ ಒಂದರಂತೆ ನಡೆಸುತ್ತಿತ್ತು. ಪುಟಗಳು ನಿಧಾನವಾದರೂ ಮಾಹಿತಿ ಕೆಡುತ್ತಿರಲಿಲ್ಲ. ಕೋರ್‌ನಲ್ಲಿ ಬೀಗವಿಲ್ಲ, ಮತ್ತು ಸೆಷನ್‌ನಲ್ಲಿರುವುದೆಲ್ಲವೂ ಒಂದೇ ಗಂಟಾಗಿ ಉಳಿಯುತ್ತದೆ. ಏಕಕಾಲಕ್ಕೆ ಬಂದ ಎರಡು ವಿನಂತಿಗಳಲ್ಲಿ ಒಂದು ಕಾರ್ಟನ್ನೂ ಇನ್ನೊಂದು ವಿಳಾಸವನ್ನೂ ಬದಲಿಸಿದರೆ, ಕೊನೆಗೆ ಉಳಿಸಿದ್ದು ಮೊದಲನೆಯದನ್ನು ಅಳಿಸಿಹಾಕಬಹುದು. ಹಣಕ್ಕೆ ಸಂಬಂಧಿಸಿದ ಯಾವುದನ್ನೂ ಸೆಷನ್‌ನಲ್ಲಿ ಮಾತ್ರವೇ ಇಡಬಾರದು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಆ ಜಾಲತಾಣದ ಕಾರ್ಟನ್ನು ಕೊನೆಗೆ ಡೇಟಾಬೇಸ್‌ಗೆ ಸಾಗಿಸಿದೆವು. ಕಾರ್ಟ್‌ನ ಪ್ರತಿಯೊಂದು ಪುಸ್ತಕಕ್ಕೂ ಅಲ್ಲಿ ಪ್ರತ್ಯೇಕ ಸಾಲಿದೆ, ಬೆಲೆಯನ್ನು ಹಣ ಪಾವತಿಯ ಹೊತ್ತಿಗೆ ಮತ್ತೆ ಲೆಕ್ಕ ಹಾಕಲಾಗುತ್ತದೆ, ಸೆಷನ್‌ನಲ್ಲಿ ಉಳಿದಿರುವುದು ಕಾರ್ಟ್‌ನ ಸಂಖ್ಯೆ ಒಂದೇ. ಸೆಷನ್‌ನ ಕೀಲಿಪದಗಳು ಕೋಡ್‌ನ ತುಂಬ ಚದುರದಂತೆ, ಆ ಸಂಖ್ಯೆಯನ್ನು ಓದುವ ಮತ್ತು ಬರೆಯುವ ಎರಡು ವಿಧಾನಗಳನ್ನು ಒಂದು ಸಣ್ಣ ಕ್ಲಾಸ್‌ನಲ್ಲಿ ಇಟ್ಟಿದ್ದೇವೆ. ಸಂಖ್ಯೆ ಸಿಗದಿದ್ದರೆ ಏನು ಮಾಡಬೇಕೆಂಬ ತೀರ್ಮಾನವೂ ಅಲ್ಲೇ ಇದೆ.