ಕೆಂಪು-ನೀಲಿ ದೀಪ ಕಂಡಾಗ ಕೈ ಎಲ್ಲಿರುತ್ತದೆ?

‘ಬಿಳಿಯರಲ್ಲೂ ಬಡವರಿಲ್ಲವೇ? ಮತ್ತೆ ವೈಟ್ ಪ್ರಿವಿಲೇಜ್, ಅಂದರೆ ಬಿಳಿಯರಿಗೆ ಬಣ್ಣದಿಂದಲೇ ಸಿಗುವ ಸವಲತ್ತು, ಎಲ್ಲಿಂದ ಬಂತು?’ ಜೋರ್ಡನ್ ಪೀಲ್ ನಿರ್ದೇಶಿಸಿದ ಅಮೆರಿಕದ ಹಾರರ್ ಚಿತ್ರ ‘ಗೆಟ್ ಔಟ್’ (2017) ನೋಡಿದ ಮೇಲೆ ಚಿತ್ರಕಥೆ ಕಲಿಯುವವರು ತಪ್ಪದೆ ಕೇಳುವ ಪ್ರಶ್ನೆ ಇದು. ಬಡವರಿದ್ದಾರೆ, ಬೇಕಾದಷ್ಟು ಇದ್ದಾರೆ. ಇಲ್ಲಿನ ಮಾತು ಜೇಬಿನದಲ್ಲ. ಕೆಲವು ಭಯಗಳು ತಲೆಗೇ ಹೊಳೆಯದಿರುವುದು, ಅದೇ ಸವಲತ್ತು. ಇಷ್ಟು ಹೇಳಿದರೂ ಮರುದಿನ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ದೃಶ್ಯವನ್ನೇ ಬಿಡಿಸಿ ನೋಡೋಣ.

ರೋಸ್ ತನ್ನ ಪ್ರಿಯಕರ ಕ್ರಿಸ್‌ನನ್ನು ಅಪ್ಪ-ಅಮ್ಮನ ಮನೆಗೆ ಕರೆದೊಯ್ಯುತ್ತಿದ್ದಾಳೆ, ಕಾರು ಓಡಿಸುತ್ತಿರುವವಳು ಅವಳೇ. ಜಿಂಕೆಗೆ ಡಿಕ್ಕಿಯಾಗುತ್ತದೆ. ಬಂದ ಪೊಲೀಸ್, ಅವಳ ಜೊತೆಗಿದ್ದ ಕಪ್ಪು ತರುಣ ಕ್ರಿಸ್‌ನ ಗುರುತಿನ ಚೀಟಿ ಕೇಳುತ್ತಾನೆ. ಕ್ರಿಸ್ ವಾದಿಸುವುದಿಲ್ಲ, ಕೊಡಲು ಹೊರಡುತ್ತಾನೆ. ಬಿಳಿಯಳಾದ ರೋಸ್ ಸಿಡಿದು ಬೀಳುತ್ತಾಳೆ: ಓಡಿಸಿದ್ದು ಅವನಲ್ಲವಲ್ಲ! ಪೊಲೀಸ್ ಹಿಂದೆ ಸರಿಯುತ್ತಾನೆ. ಮೊದಲ ಸಲ ನೋಡುವವರಿಗೆ ಇದು ಪ್ರೀತಿ. ಅವಳ ಮನೆಯವರು ಕಪ್ಪು ಜನರ ದೇಹಗಳನ್ನು ಶಸ್ತ್ರಚಿಕಿತ್ಸೆಯ ಮೂಲಕ ಹಣವಂತರಿಗೆ ಮಾರುವವರು, ಅವರಿಗೆ ಜನರನ್ನು ತಂದುಕೊಡುವವಳು ಇವಳೇ ಎಂದು ಗೊತ್ತಾಗಿ ಎರಡನೇ ಸಲ ನೋಡಿದರೆ, ಕ್ರಿಸ್ ಆ ಊರಿಗೆ ಬಂದ ದಾಖಲೆಯೇ ಉಳಿಯದಂತೆ ಅವಳು ನೋಡಿಕೊಂಡಳಲ್ಲ ಅನಿಸುತ್ತದೆ. ಎರಡೂ ಓದಿಗೆ ತಳಪಾಯ ಒಂದೇ: ಪೊಲೀಸನ ಮೇಲೆ ದನಿ ಏರಿಸಿದರೂ ತನಗೇನೂ ಆಗದೆಂಬ ಭರವಸೆ ಅವಳಿಗಿದೆ, ಅವನಿಗಿಲ್ಲ. ಕ್ರಿಸ್ ಜಾಗದಲ್ಲಿ ಬಿಳಿಯ ಹುಡುಗನನ್ನು ಕೂರಿಸಿ ಓದಿ. ದೃಶ್ಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಕೊನೆಯಲ್ಲಿ, ತಪ್ಪಿಸಿಕೊಂಡ ಕ್ರಿಸ್ ಗಾಯಗೊಂಡ ರೋಸ್ ಬಳಿ ಇರುವಾಗ, ರಸ್ತೆಯ ಮೇಲೆ ಪೊಲೀಸ್ ಕಾರಿನಂಥ ಕೆಂಪು-ನೀಲಿ ದೀಪ ಮಿನುಗುತ್ತದೆ. ಬೇರೆ ಹಾರರ್ ಚಿತ್ರಗಳಲ್ಲಿ ಆ ದೀಪ ಬಂತೆಂದರೆ ನಾಯಕ ಉಳಿದ. ಇಲ್ಲಿ ಕ್ರಿಸ್ ಕೈ ಎತ್ತುತ್ತಾನೆ, ಪ್ರೇಕ್ಷಕರ ಉಸಿರು ಕಟ್ಟುತ್ತದೆ. ಇಳಿದು ಬರುವವನು ಗೆಳೆಯ ರಾಡ್. ಆದರೆ ಪೀಲ್ ಮೊದಲು ಚಿತ್ರೀಕರಿಸಿದ್ದ ಅಂತ್ಯದಲ್ಲಿ ಬಂದದ್ದು ನಿಜವಾದ ಪೊಲೀಸರೇ; ಕ್ರಿಸ್ ಜೈಲು ಸೇರುತ್ತಾನೆ. ಅಂತ್ಯ ಬದಲಾಯಿತು, ಆ ಕೆಲವು ಕ್ಷಣಗಳ ಭಯ ಮಾತ್ರ ಹಾಗೇ ಉಳಿಯಿತು. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಭಯಾನಕ ಅನಿಸುವುದು ಅದೇ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲ.

ಹೊಸಬರು ಇದೇ ವಸ್ತು ಹಿಡಿದು ಬರೆದಾಗ ಖಳನ ಬಾಯಿಗೆ ಬೈಗುಳ ತುರುಕುತ್ತಾರೆ. ದಯವಿಟ್ಟು ಬೇಡ. ಬೈಯುವವನನ್ನು ಕಂಡು ಪ್ರೇಕ್ಷಕ ‘ನಾನು ಇವನಂತಲ್ಲ’ ಎಂದು ನಿರಾಳನಾಗುತ್ತಾನೆ, ಭಯ ಅಲ್ಲಿಗೇ ಸತ್ತಿತು. ಪೀಲ್ ಚಿತ್ರದಲ್ಲಿ ರೋಸ್‌ಳ ಅಪ್ಪ, ಸಾಧ್ಯವಿದ್ದರೆ ಒಬಾಮಾಗೆ ಮೂರನೇ ಸಲವೂ ಮತ ಹಾಕುತ್ತಿದ್ದೆ ಎನ್ನುತ್ತಾನೆ. ಕುರುಡ ಕಲಾವ್ಯಾಪಾರಿ, ನಿನ್ನ ಬಣ್ಣ ನನಗೆ ಮುಖ್ಯವಲ್ಲ, ಬೇಕಾದದ್ದು ನಿನ್ನ ಕಣ್ಣು ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಬಣ್ಣದ ಬಗ್ಗೆ ಯೋಚಿಸದೆಯೇ ಇನ್ನೊಬ್ಬನ ದೇಹವನ್ನು ಕೊಳ್ಳಬಹುದು ಎಂದುಕೊಳ್ಳಲು ಅವನಿಗೆ ಸಾಧ್ಯವಾಗಿದೆಯಲ್ಲ, ನೋಡಬೇಕಾದದ್ದು ಅದನ್ನು.

ಒಂದು ಚಿತ್ರದಿಂದ ಇಡೀ ಅಮೆರಿಕವನ್ನು ಅಳೆಯಲಾಗದು, ನಿಜ. ಆದರೆ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೋಡಿ. ಬೆನ್ ಪಾತ್ರವನ್ನು ಕಪ್ಪು ಮನುಷ್ಯನೆಂದು ಬರೆದಿರಲಿಲ್ಲ; ಡ್ವೇನ್ ಜೋನ್ಸ್ ಆಯ್ಕೆಯಾದರು. ರಾತ್ರಿಯಿಡೀ ಎದ್ದು ಬಂದ ಶವಗಳ ಜೊತೆ ಹೋರಾಡಿ ಬದುಕಿದ ಬೆನ್‌ನನ್ನು ಬೆಳಗ್ಗೆ ‘ರಕ್ಷಿಸಲು’ ಬಂದ ಬಿಳಿಯರ ಗುಂಪು ಅವನನ್ನೂ ಶವವೆಂದೇ ತಿಳಿದು ಗುಂಡಿಕ್ಕಿ ಕೊಲ್ಲುತ್ತದೆ. ನಟನ ಮೈಬಣ್ಣವೊಂದರಿಂದಲೇ ಆ ಗುಂಡಿನ ಅರ್ಥ ಬೇರೆಯಾಯಿತು.

ನಿಮ್ಮ ಚಿತ್ರಕಥೆಯಲ್ಲಿ ಪೊಲೀಸ್ ಜೀಪು ಬಂದರೆ, ಸಂಭಾಷಣೆಗೆ ಮುಂಚೆ ಒಂದು ಸಾಲು ಬರೆಯಿರಿ: ಆ ಹೊತ್ತಿನಲ್ಲಿ ಪಾತ್ರದ ಎರಡು ಕೈಗಳೂ ಎಲ್ಲಿವೆ?